ಮೀನಿಗೂ ಒಂದು ಏಕಾದಶಿ

(ವಿಜಯನಗರದ ಮಗ್ಗುಲಿನ ಮಾರೇನಹಳ್ಳಿ. ಕೆಳಗಿನ ಮನೆಯಲ್ಲಿ ಮಾಲೀಕರು. ಮೇಲಿನ ಮನೆಯಲ್ಲಿ ಬಾಡಿಗೆಗಿರುವ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಹುಡುಗಿ. ಯುಗಾದಿ ಮುಗಿದ ವಾರದ ಒಂದು ಸಂಜೆ.)

– ಬಾರೇ, ಬಾ. ಕಾಲಿಡೋಕೆ ಜಾಗ ನೋಡ್ಕೊಂಡು ಬಾ. ಅದು ಮೆಂತ್ಯದ ಹಿಟ್ಟು, ಇದು ಅಂಟಿನುಂಡೆ, ಮೂಲೇಲಿರೋದು ಚಟ್ನಿಪುಡಿ. ಒಂದು ಪೆಟ್ಟಿಗೆಗೆ 23 ಕೆ.ಜಿ. ಮೇಲೆ ಹೋಗಬಾರದಂತೆ. ಯಜಮಾನರು ಯಾರದೋ ಮನೆಯಿಂದ ತೂಕದ ಮೆಷಿನ್ ತರೋಕೆ ಹೋಗಿದ್ದಾರೆ.

– ಡಲ್ಲಾಸಲ್ಲಿ ಮೆಂತ್ಯ ಸಿಗಲ್ವಾ ಆಂಟಿ?

– ಸಿಗುತ್ತಂತೆ. ಹಾಗಂತ ಬಾಣಂತಿಗೆ ಅಂಗಡಿ ಹಿಟ್ಟು ಕೊಡೋಕಾಗುತ್ತಾ? ಅದಿರಲಿ, ನಿನ್ನ ಕರೆದದ್ದು ಈ ಮೀನುಗಳ ವಿಷಯಕ್ಕೆ. ಮೊಮ್ಮಗ ಹಠ ಮಾಡಿ ತರಿಸಿದ, ಅವನು ಹಾಸ್ಟೆಲ್ ಸೇರಿದ, ಮೀನು ನನ್ನ ಕೊರಳಿಗೆ ಬಿತ್ತು. ಈಗ ಮೂರು ತಿಂಗಳು ನಾವಿಬ್ಬರೂ ಇರಲ್ಲ. ಎದುರು ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗೋಣ ಅಂತಿದ್ದೀನಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಕ್ತೀನಿ ಅಂದಿದ್ದಾರೆ. ಪಾಪ, ಬಹಳ ಒಳ್ಳೆಯವರು.

– ಅವರು ಒಳ್ಳೆಯವರು ಅನ್ನೋದೇ ನನಗೆ ಭಯ.

– ಏನೇ ಹಾಗಂದ್ರೆ?

– ಬೀದಿ ನಾಯಿಗೆ ಅವರು ಅನ್ನ ಹಾಕೋದು ಮೇಲಿಂದ ದಿನಾ ನೋಡ್ತೀನಿ. ನಾಯಿ ಮುಖ ತಿರುಗಿಸಿ ಹೋದ್ರೂ ಇನ್ನೊಂದು ತುತ್ತು ಅಂತ ಹಿಂದೆ ಹೋಗ್ತಾರೆ. ನಾಯಿಗಾದ್ರೆ ಓಡೋಕೆ ಬೀದಿ ಇದೆ. ನಿಮ್ಮ ಮೀನಿಗೆ ಇರೋದು ಎರಡೂವರೆ ಅಡಿ ಗಾಜಿನ ಪೆಟ್ಟಿಗೆ. ಯಜಮಾನರು ಊರಿಗೆ ಹೋದಾಗ ಸಾಯೋ ಅಕ್ವೇರಿಯಂ ಮೀನುಗಳಲ್ಲಿ ಹಸಿದು ಸತ್ತದ್ದು ನಾನಂತೂ ನೋಡಿಲ್ಲ. ಯಾರೋ ಪ್ರೀತಿಯಿಂದ ಹಾಕಿದ್ದನ್ನು ತಿಂದು, ತಿನ್ನಲಾರದೆ ಬಿಟ್ಟದ್ದು ಕೊಳೆತು, ಆ ನೀರಲ್ಲೇ ಸತ್ತದ್ದನ್ನ ಬೇಕಾದಷ್ಟು ನೋಡಿದ್ದೀನಿ.

– ಉಪವಾಸ ಕೆಡವಿ ಹೋಗು ಅಂತೀಯಾ? ಮನೇಲಿ ಒಂದು ಜೀವ ಇಟ್ಕೊಂಡು, ಅದರ ಹೊಟ್ಟೆಗೆ ಹಾಕದೆ ವಿಮಾನ ಹತ್ತೋದು ನಮ್ಮ ಕಡೆಯವರ ಕೈಲಾಗಲ್ಲ ಕಣಮ್ಮ. ಪಾಪ ಸುತ್ಕೊಳ್ಳುತ್ತೆ.

– ಹೊಟ್ಟೆ ಅಂದ್ರಲ್ಲ, ಗೋಲ್ಡ್‌ಫಿಶ್‌ಗೆ ಹೊಟ್ಟೇನೇ ಇಲ್ಲ ಆಂಟಿ.

– ಹೋಗೇ! ಅಷ್ಟು ದಪ್ಪ ಕಾಣುತ್ತಲ್ಲ?

– ಅದು ಉದ್ದನೆ ಕರುಳು ಸುರುಳಿ ಸುತ್ಕೊಂಡಿರೋದು. ನಮಗಿರೋ ಹಾಗೆ ತಿಂದದ್ದನ್ನ ಕೂಡಿಟ್ಕೊಂಡು ಆಮ್ಲದಲ್ಲಿ ಕರಗಿಸೋ ಜಠರ ಅನ್ನೋದು ಅದಕ್ಕಿಲ್ಲ. ಗಂಟಲಲ್ಲಿ ಹಲ್ಲಿವೆ, ಅಲ್ಲೇ ಅರೆದು ನೇರ ಕರುಳಿಗೆ ಇಳಿಸುತ್ತೆ. ಕೆರೇಲಾದ್ರೆ ಇಡೀ ದಿನ ಪಾಚಿ, ಹುಳ, ಮಣ್ಣು ಅಂತ ಚೂರು ಚೂರೇ ಕೆದಕಿ ತಿನ್ನೋ ಜಾತಿ ಅದು. ಒಂದೇ ಸಲಕ್ಕೆ ರಾಶಿ ಸುರಿದ್ರೆ ಇಟ್ಕೊಳ್ಳೋಕೆ ಜಾಗವೇ ಇಲ್ಲ. ಅರ್ಧಂಬರ್ಧ ಜೀರ್ಣವಾಗಿ ಹಿಂದಿನಿಂದ ಹೋಗುತ್ತೆ. ಅದರ ಬಾಲದಡಿ ದಾರದ ಹಾಗೆ ಜೋತಾಡುತ್ತಲ್ಲ, ನೋಡಿಲ್ವಾ?

– ನೋಡಿದ್ದೀನಿ. ಹುಳ ಬಿದ್ದಿದೆಯೇನೋ ಅಂದ್ಕೊಂಡಿದ್ದೆ.

– ಇನ್ನೊಂದು ವಿಷಯ. ನಾವು ತಿನ್ನೋದರಲ್ಲಿ ದೊಡ್ಡ ಪಾಲು ಮೈ ಬಿಸಿ ಇಟ್ಕೊಳ್ಳೋಕೇ ಹೋಗುತ್ತೆ. ಒಲೆ ಆರಬಾರದು, 37 ಡಿಗ್ರಿ ಇರಲೇಬೇಕು. ಮೀನಿಗೆ ಆ ಖರ್ಚೇ ಇಲ್ಲ, ನೀರೆಷ್ಟು ಬಿಸಿಯೋ ಮೈಯೂ ಅಷ್ಟೇ. ಅದಕ್ಕೇ ಬೆಳೆದ, ಆರೋಗ್ಯವಾಗಿರೋ ಗೋಲ್ಡ್‌ಫಿಶ್ ಒಂದು ವಾರ, ಹತ್ತು ದಿನ, ಬೇಕಾದ್ರೆ ಎರಡು ವಾರ ಏನೂ ತಿನ್ನದೆ ಆರಾಮಾಗಿರುತ್ತೆ. ಮರಿಗಳ ಮಾತು ಬೇರೆ, ಅವಕ್ಕೆ ದಿನಾ ಬೇಕು. ನಿಮ್ಮವು ನಾಲ್ಕೂ ಬೆಳೆದವು.

– ಆರಾಮಾಗಿರುತ್ತಾ? ಇಲ್ಲಿ ನೋಡು, ನಾನು ಟ್ಯಾಂಕ್ ಹತ್ರ ಬಂದೆ ಅಷ್ಟೆ. ನಾಲ್ಕೂ ಗಾಜಿಗೆ ಮೂತಿ ಒತ್ತಿ ಬಾಯಿ ಬಾಯಿ ಬಿಡ್ತಿವೆ. ಬೆಳಿಗ್ಗೆ ಎಂಟಕ್ಕೆ ಹಾಕಿದ್ದೀನಿ ಇವಕ್ಕೆ. ಹಸಿವಲ್ಲದೆ ಇನ್ನೇನು ಇದು?

– ಅಭ್ಯಾಸ. ಈಗ ನೀವು ಸರೀರಿ, ನಾನು ಹೋಗಿ ನಿಲ್ತೀನಿ. ನೋಡಿ, ನನಗೂ ಅದೇ ಬಾಯಿ! ಇವಕ್ಕೆ ಮೂರು ಸೆಕೆಂಡಿನ ನೆನಪು ಅಂತ ಜನ ಹೇಳೋದು ಸುಳ್ಳು. ದಿನಾ ಒಂದೇ ಹೊತ್ತಿಗೆ, ಒಂದೇ ಮೂಲೇಲಿ ಊಟ ಹಾಕಿದ್ರೆ ಹೊತ್ತಿಗೆ ಮುಂಚೆಯೇ ಆ ಮೂಲೇಲಿ ಬಂದು ಕಾಯ್ತವೆ. ಮನುಷ್ಯರ ನೆರಳು ಬಂದ್ರೆ ಮೇಲಿಂದ ಕಾಳು ಬೀಳುತ್ತೆ ಅಂತ ಕಲಿತಿವೆ. ಹೊಟ್ಟೆ ತುಂಬಿದ್ರೂ ಬರ್ತವೆ. ಎದುರು ಮನೆಯವರು ಬಾಗಿಲು ತೆಗೆದಾಗಲೂ ಹೀಗೇ ಬರ್ತವೆ, ಅವರ ಕರುಳು ಚುರುಕ್ ಅನ್ನುತ್ತೆ, ಇನ್ನೊಂದು ಹಿಡಿ ಬೀಳುತ್ತೆ.

– ನಮ್ಮ ತವರು ರಾಮನಾಥಪುರ, ಅರಕಲಗೂಡು ತಾಲ್ಲೂಕು. ಗೊತ್ತಲ್ಲ, ಕಾವೇರಿ ದಡದಲ್ಲೇ ರಾಮೇಶ್ವರನ ದೇವಸ್ಥಾನ. ಅಲ್ಲಿ ವಹ್ನಿ ಪುಷ್ಕರಿಣಿ ಅಂತ ಮಡು ಇದೆ, ದೇವರ ಮೀನು ಅಂತ ಯಾರೂ ಹಿಡಿಯಲ್ಲ. ನಾನು ಲಂಗ ಹಾಕೋ ವಯಸ್ಸಿನಿಂದ ಅವಕ್ಕೆ ಮಂಡಕ್ಕಿ ಹಾಕಿದ್ದೀನಿ. ಬಂದೋರೆಲ್ಲ ಹಾಕ್ತಿದ್ರು. ಮೊಳದುದ್ದ, ಮಾರುದ್ದ ಮೀನು ಒಂದರ ಮೇಲೊಂದು ಬಿದ್ದು ತಿಂತಿದ್ವು. ಅವು ಯಾವುವೂ ಅಜೀರ್ಣವಾಗಿ ಸಾಯಲಿಲ್ಲವಲ್ಲ?

– ನಮ್ಮೂರ ಕಡೆಯೂ ಇದೆ ಆಂಟಿ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲ, ಶಿಶಿಲೇಶ್ವರನ ಗುಡಿ ಮುಂದೆ ಕಪಿಲಾ ನದಿ. ಎಷ್ಟು ಜನ ಎಷ್ಟು ಹಾಕಿದ್ರೂ ಅಲ್ಲಿ ಮೀನಿಗೇನೂ ಆಗಿರಲಿಲ್ಲ. 1996ರಲ್ಲಿ ಯಾರೋ ಕಟುಕರು ನೀರಿಗೆ ವಿಷ ಹಾಕಿದ್ರು, ಸಾವಿರಾರು ಮೀನು ತೇಲಿದ್ವು. ಊರವರು ಅವಕ್ಕೊಂದು ಸ್ಮಾರಕವನ್ನೇ ಕಟ್ಟಿದ್ದಾರೆ. ಹೊಳೇಲಿ ಮೀನು ಸಾಯಬೇಕಾದ್ರೆ ಹೊರಗಿನವರು ವಿಷ ತಂದು ಹಾಕಬೇಕು. ಟ್ಯಾಂಕಲ್ಲಿ ಹಾಗಲ್ಲ, ಉಳಿದ ಊಟವೇ ವಿಷ ಆಗುತ್ತೆ. ಹೊಳೆ ಹರೀತದೆ ಮಾರಾಯ್ರೆ, ನಿಮ್ಮ ಟ್ಯಾಂಕು ಹರಿಯಲ್ಲ.

– ಫಿಲ್ಟರ್ ಇದೆಯಲ್ಲ? ಇಡೀ ದಿನ ಗುಳುಗುಳು ಅಂತಿರುತ್ತೆ.

– ಫಿಲ್ಟರಿನ ಸ್ಪಂಜಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಮನೆ ಮಾಡಿರ್ತವೆ. ಮೀನು ಕಿವಿರಿಂದ ಬಿಡೋ ಅಮೋನಿಯಾನ ಒಂದು ಜಾತಿ ತಿಂದು ನೈಟ್ರೈಟ್ ಮಾಡುತ್ತೆ, ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡುತ್ತೆ. ನೈಟ್ರೇಟು ಅಷ್ಟೇನೂ ಕೆಟ್ಟದ್ದಲ್ಲ, ವಾರಕ್ಕೊಮ್ಮೆ ನೀರು ಬದಲಾಯಿಸಿದ್ರೆ ಹೋಗುತ್ತೆ. ಆದ್ರೆ ದಿನಾ ಎಷ್ಟು ಕೆಲಸ ಬರುತ್ತೋ ಅಷ್ಟಕ್ಕೇ ಅವು ಬೆಳೆದಿರೋದು. ಒಂದೇ ದಿನ ನಾಲ್ಕು ಪಟ್ಟು ಬಂದ್ರೆ ಅವುಗಳ ಕೈಲಾಗಲ್ಲ. ಲೆಕ್ಕ ಹೇಳಲಾ?

– ಹೇಳು. ಕಾಲೇಜಲ್ಲಿ ಹೇಳೋ ಹಾಗೆ ಹೇಳಬೇಡ.

– ನಿಮ್ಮ ಟ್ಯಾಂಕ್ ಎರಡೂವರೆ ಅಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ನೀರು. ಅಂದ್ರೆ ಹೆಚ್ಚುಕಮ್ಮಿ 88 ಲೀಟರ್. ಈ ಡಬ್ಬದ ಮೇಲೆ ಪ್ರೊಟೀನ್ 35 ಪರ್ಸೆಂಟ್ ಅಂತ ಹಾಕಿದ್ದಾರೆ. ಪ್ರೊಟೀನಿನಲ್ಲಿ ನೂರಕ್ಕೆ ಹದಿನಾರು ಪಾಲು ಸಾರಜನಕ. ಎದುರು ಮನೆಯವರು ಒಂದು ಟೀ ಚಮಚ ಹಾಕಿದ್ರು ಅಂತಿಟ್ಕೊಳ್ಳಿ, ಒಂದು ನಾಲ್ಕು ಗ್ರಾಂ. ಅದು ಪೂರ್ತಿ ಕೊಳೆತ್ರೆ ಸುಮಾರು 224 ಮಿಲಿಗ್ರಾಂ ಸಾರಜನಕ ಅಮೋನಿಯಾ ಆಗಿ ನೀರಿಗಿಳಿಯುತ್ತೆ. ಲೀಟರಿಗೆ ಎರಡೂವರೆ ಮಿಲಿಗ್ರಾಂ ಆಯ್ತು. ಒಳ್ಳೇ ಟ್ಯಾಂಕಲ್ಲಿ ಇದು ಸೊನ್ನೆ ಇರಬೇಕು. ಅದೂ ನಿಮ್ಮ ಸಂಪಲ್ಲಿ ಬೋರ್ ನೀರು ಬೆರೆತಿರುತ್ತೆ. ಗಡಸು ನೀರು, ಕ್ಷಾರ ಜಾಸ್ತಿ. ಕ್ಷಾರ ಹೆಚ್ಚಿದಷ್ಟೂ, ನೀರು ಬಿಸಿಯಾದಷ್ಟೂ ಆ ಅಮೋನಿಯಾದಲ್ಲಿ ವಿಷದ ಪಾಲು ಹೆಚ್ಚುತ್ತೆ. ಇದು ಒಂದು ಚಮಚದ ಮಾತು. ಅವರು ದಿನಕ್ಕೆರಡು ಸಲ ಅಂದಿದ್ದಾರೆ.

– ಒಂದು ಚಮಚಕ್ಕೇ ಹೀಗಾ!

– ಅತ್ತಿಗುಪ್ಪೆಯಲ್ಲಿ ನನಗೆ ಗೊತ್ತಿರೋ ಒಂದು ಮನೇಲಿ ಹೀಗೇ ಆಯ್ತು. ಅವರು ಕಾಶಿಗೆ ಹೋಗಿದ್ರು, ಕೆಲಸದ ಹುಡುಗನಿಗೆ ಹೊಸ ಡಬ್ಬ ಕೊಟ್ಟು ಹೋಗಿದ್ರು. ಮೊದಲ ದಿನ ಗಾಜು ಮಬ್ಬಾಯ್ತು. ಮಾರನೇ ದಿನ ನೀರು ಅಕ್ಕಿ ತೊಳೆದ ನೀರಿನಂತಾಯ್ತು. ಮೀನು ಮೇಲೆ ಬಂದು ಗಾಳಿ ನುಂಗೋಕೆ ಶುರು ಮಾಡಿದ್ವು. ಹುಡುಗ ಏನಂದ್ಕೊಂಡ ಹೇಳಿ?

– ಹಸಿವಾಗಿದೆ, ಬಾಯಿ ಬಿಡ್ತಿವೆ ಅಂತ.

– ಇನ್ನೊಂದು ಹಿಡಿ ಹಾಕಿದ. ಅವನ ತಪ್ಪೇನೂ ಇಲ್ಲ. ಊಟ ಹಾಕು ಅಂದಿದ್ರು, ಹಾಕಿದ.

– ಅಯ್ಯೋ. ಯಜಮಾನರು ಇನ್ನೊಂದು ಹೇಳ್ತಿದ್ರು. ಈ ಉಸಾಬರಿಯೇ ಬೇಡ, ಕೆಂಪಾಂಬುಧಿ ಕೆರೆಗೋ ಎಲ್ಲಿಗೋ ಬಿಟ್ಟುಬಿಡೋಣ, ಪುಣ್ಯ ಬರುತ್ತೆ ಅಂತ.

– ಪುಣ್ಯ ಖಂಡಿತ ಬರಲ್ಲ. ಗೋಲ್ಡ್‌ಫಿಶ್‌ನ ಚೀನಾದವರು ಸಾವಿರ ವರ್ಷದಿಂದ ಬಣ್ಣಕ್ಕೆ, ಬಾಲಕ್ಕೆ ಅಂತ ಸಾಕಿ ಸಾಕಿ ಈ ರೂಪಕ್ಕೆ ತಂದದ್ದು. ಕೆಂಪಗೆ ಹೊಳೆಯೋ, ಓಡಲಾರದ ಮೀನು ಕೆರೇಲಿ ಕೊಕ್ಕರೆಗೆ ಮೊದಲ ತುತ್ತು. ಆ ಗಾಜಿಗಂಟಿಕೊಂಡಿರೋ ಟ್ಯಾಂಕ್ ಕ್ಲೀನರ್ ಮೀನು ಇದೆಯಲ್ಲ, ಅದರದ್ದು ಉಲ್ಟಾ. ಅದು ದಕ್ಷಿಣ ಅಮೆರಿಕದ್ದು. ಮೈಯೆಲ್ಲ ಎಲುಬಿನ ಕವಚ, ಯಾವ ಮೀನೂ ಅದನ್ನ ಮುಟ್ಟಲ್ಲ. ಕೋಲ್ಕತ್ತದ ಪೂರ್ವದ ಜೌಗು ಕೆರೆಗಳಲ್ಲಿ ಹೀಗೆ ಸೇರ್ಕೊಂಡು ಮೀನುಗಾರರ ಬಲೆ ಹರಿದು ಹಾಕ್ತಿದೆ. ಬೇಡ ಅಂದ್ರೆ ಅಂಗಡಿಗೆ ವಾಪಸ್ ಕೊಡಿ, ತಗೋತಾರೆ. ಕೆರೆಗೆ ಮಾತ್ರ ಬೇಡ. ಅಷ್ಟಕ್ಕೂ ಈ ಊರ ಕೆರೆಗಳಿಗೆ ಈಗಾಗಲೇ ನಾವೆಲ್ಲ ಸೇರಿ ಅತಿಯಾಗಿ ಊಟ ಹಾಕ್ತಿದ್ದೀವಿ.

– ಕೆರೆಗೆ ಯಾರು ಊಟ ಹಾಕ್ತಾರೆ?

– ನಮ್ಮ ಚರಂಡಿ ಹಾಕುತ್ತೆ. ಹಲಸೂರು ಕೆರೇಲಿ 2016ರ ಮಾರ್ಚಿನಲ್ಲಿ ಸಾವಿರಾರು ಮೀನು ಬೆಳ್ಳಗೆ ತೇಲಿದ್ವಲ್ಲ, ಪೇಪರಲ್ಲಿ ಬಂದಿತ್ತು. ಕೊಳಚೆ ನೀರು ಬಂದು ಸೇರುತ್ತೆ, ಅದನ್ನ ಕೊಳೆಸೋ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೆಲ್ಲ ಹೀರ್ಕೊಳ್ತವೆ, ಬೇಸಿಗೇಲಿ ಮೊದಲೇ ಆಮ್ಲಜನಕ ಕಮ್ಮಿ. ಅತ್ತಿಗುಪ್ಪೆ ಮನೇಲಿ ಆದದ್ದೇ ಅಲ್ಲಿ ಎಕರೆಗಟ್ಟಲೆ ಆದದ್ದು.

– ಆಯ್ತು ಕಣೆ, ಒಪ್ಪಿದೆ. ಆದ್ರೂ ಮನಸ್ಸು ಒಪ್ಪಬೇಕಲ್ಲ.

– ನೀವು ಏಕಾದಶಿ ಮಾಡ್ತೀರಲ್ಲ? ನೀರೂ ಮುಟ್ಟಲ್ಲ ಅಂತೀರಿ. ಮಾರನೇ ದಿನ ಪಾರಣೆ ಅಂತ ಒಂದು ಸೇರು ಅನ್ನ ಉಣ್ತೀರಾ?

– ಎಲ್ಲಾದ್ರೂ ಉಂಟೇ? ಹೆಸರುಬೇಳೆ, ಅಗಸೆ ಸೊಪ್ಪು, ನೆಲ್ಲಿಕಾಯಿ ಅಂತ ಹಗುರಾಗಿ ಶುರು ಮಾಡ್ತೀವಿ.

– ಮೀನು ಸಾಕೋರಲ್ಲೂ ಗೊತ್ತಿರೋರು ವಾರಕ್ಕೊಂದು ದಿನ ಏನೂ ಹಾಕಲ್ಲ. ಕರುಳು ಖಾಲಿಯಾಗುತ್ತೆ, ನೀರು ತಿಳಿಯಾಗುತ್ತೆ, ಮೂಲೇಲಿ ಬಿದ್ದ ಚೂರುಪಾರನ್ನ ಅವೇ ಹೆಕ್ಕಿ ತಿಂತವೆ. ಅದನ್ನೇ ಅವುಗಳ ಏಕಾದಶಿ ಅಂದ್ಕೊಳ್ಳಿ. ಇವತ್ತಿಂದಲೇ ಶುರು ಮಾಡಿ, ನಿಮಗೂ ಧೈರ್ಯ ಬರುತ್ತೆ.

– ಏಕಾದಶಿ ಹದಿನೈದು ದಿನಕ್ಕೊಂದು ಸಲ ಬರೋದು. ನಾನು ಹೋಗ್ತಿರೋದು ಮೂರು ತಿಂಗಳು. ತೊಂಬತ್ತು ದಿನ ಏಕಾದಶಿ ಮಾಡಿಸಿದ್ರೆ ನಾನು ಬರೋ ಹೊತ್ತಿಗೆ ಮೀನಿರಲ್ಲ, ಮುಳ್ಳಿರುತ್ತೆ. ನಿನ್ನ ಪಾಠ ವಾರ-ಹತ್ತು ದಿನಕ್ಕೆ ಸರಿ.

– ಅದು ಸರಿಯಾದ ಮಾತು. ಒಂದು ವಾರದ ಪ್ರವಾಸಕ್ಕೆ ಏನೂ ಮಾಡಬೇಕಿಲ್ಲ, ಬೀಗ ಹಾಕಿ ಹೋಗಬಹುದು. ಎರಡು ವಾರಕ್ಕೂ ನಾನಂತೂ ಯಾರನ್ನೂ ಕೇಳಲ್ಲ. ಅದರ ಮೇಲಾದ್ರೆ ಯಾರಾದ್ರೂ ಬೇಕೇ ಬೇಕು.

– ಅದಕ್ಕೇ ನಾನು ಅಂಗಡಿಗೂ ಹೋಗಿ ಬಂದೆ. ಇದನ್ನ ಕೊಟ್ಟ. ಬೆಳ್ಳಗೆ ಶಂಖದ ಹಾಗಿದೆ ನೋಡು. ನೀರಿಗೆ ಹಾಕಿದ್ರೆ ನಿಧಾನಕ್ಕೆ ಕರಗಿ ಒಳಗಿನ ಫುಡ್ ಹೊರಗೆ ಬರುತ್ತಂತೆ. ಒಂದಕ್ಕೆ ಒಂದು ವಾರ. ಹನ್ನೆರಡು ಹಾಕಿ ಹೋಗಿ ಮೇಡಂ ಅಂದ.

– ಹನ್ನೆರಡಾ! ಆಂಟಿ, ಇದು ಪ್ಲಾಸ್ಟರ್ ಆಫ್ ಪ್ಯಾರಿಸ್ ಥರದ್ದು, ಗಣಪತಿ ಮಾಡಬೇಡಿ ಅಂತಾರಲ್ಲ, ಅದೇ ಸುಣ್ಣದ ಜಾತಿ. ನಡುವೆ ಒಂದಿಷ್ಟು ಕಾಳು ಹುದುಗಿಸಿರ್ತಾರೆ. ನಿಮ್ಮ ಗಡಸು ನೀರಲ್ಲಿ ಸರಿಯಾಗಿ ಕರಗೋದೂ ಇಲ್ಲ. ಕರಗಿದ್ರೆ ನೀರು ಇನ್ನೂ ಗಡಸಾಗುತ್ತೆ. ಬಹಳಷ್ಟು ಮೀನು ಇದನ್ನ ಮೂಸಿಯೂ ನೋಡಲ್ಲ. ಹನ್ನೆರಡು ಒಟ್ಟಿಗೆ ಹಾಕಿದ್ರೆ ಹನ್ನೆರಡೂ ಒಟ್ಟಿಗೇ ಕರಗೋಕೆ ಶುರುವಾಗ್ತವೆ, ಸರದಿ ಪ್ರಕಾರ ಅಲ್ಲ.

– ಹೌದಲ್ಲ! ಅದು ನನಗೆ ಹೊಳೀಲೇ ಇಲ್ಲ. ಮತ್ತೆ ಅದೇನೋ ಮೆಷಿನ್ ತೋರಿಸಿದ. ಡಬ್ಬಿ ತಿರುಗಿ ಹೊತ್ತುಹೊತ್ತಿಗೆ ಉದುರಿಸುತ್ತಂತೆ.

– ಅದು ತಕ್ಕಮಟ್ಟಿಗೆ ಪರವಾಗಿಲ್ಲ. ಆದ್ರೆ ಟ್ಯಾಂಕ್ ಮೇಲೇ ಕೂರಿಸೋದರಿಂದ ಗಾಳಿ ಗುಳ್ಳೆ ಒಡೆಯೋ ತೇವ ಒಳಗೆ ಸೇರುತ್ತೆ. ಜೂನ್ ಮಳೇಲಿ ಕಾಳು ಉಂಡೆ ಕಟ್ಟಿ ಬಾಯಿ ಮುಚ್ಚಿಕೊಳ್ಳುತ್ತೆ, ಇಲ್ಲಾಂದ್ರೆ ಒಂದೇ ಸಲ ದಬಕ್ ಅಂತ ಬೀಳುತ್ತೆ. ಹದಿನೈದು ದಿನ ಎದುರಿಗಿಟ್ಟು ನೋಡಿ, ಬ್ಯಾಟರಿ ಪರೀಕ್ಷೆ ಮಾಡಿ, ಆಮೇಲೆ ನಂಬಬೇಕು. ನಿಮಗೆ ಅಷ್ಟು ಟೈಮಿಲ್ಲ. ನಿಮ್ಮ ಬಿ.ಪಿ. ಮಾತ್ರೆ ಡಬ್ಬಿ ಎಲ್ಲಿ?

– ಯಾವುದು, ಏಳು ಮುಚ್ಚಳದ್ದಾ? ಅದು ಯಾಕೆ?

– ಹಳೇದು ಒಂದಿದೆ ಅಂದಿದ್ರಿ. ಕೊಡಿ. ಆ ಡಬ್ಬನೂ ಕೊಡಿ. ಈಗ ನೋಡಿ, ಕಾಳು ಅಂಗೈ ಮೇಲೆ ಸುರ್ಕೊಳ್ತೀನಿ. ಸಾಸಿವೆಗಿಂತ ದಪ್ಪ, ಮೆಣಸಿಗಿಂತ ಸಣ್ಣ. ಮೀನಿಗೆ ಐದು ಕಾಳು, ನಾಲ್ಕಕ್ಕೆ ಇಪ್ಪತ್ತು. ಸೋಮವಾರದ ಗೂಡಿಗೆ ಇಪ್ಪತ್ತು. ಮಂಗಳವಾರ ಖಾಲಿ. ಬುಧವಾರ ಇಪ್ಪತ್ತು. ಗುರುವಾರ ಖಾಲಿ. ಶುಕ್ರವಾರ ಇಪ್ಪತ್ತು. ಶನಿವಾರ, ಭಾನುವಾರ ಖಾಲಿ.

– ಗೂಡಿನ ತಳವೇ ಮುಚ್ಚಲಿಲ್ಲವಲ್ಲೇ! ಇದು ಊಟವಾ?

– ಬೆಳೆಯೋ ವಯಸ್ಸು ಮುಗಿದಿದೆ, ಈಜೋದು ಎರಡೂವರೆ ಅಡಿ. ಇಷ್ಟು ಸಾಕು. ಹಾಕೋ ಮುಂಚೆ ಒಂದು ಬಟ್ಟಲು ನೀರಲ್ಲಿ ಒಂದು ನಿಮಿಷ ನೆನೆಸಿದ್ರೆ ಇನ್ನೂ ಒಳ್ಳೇದು. ಒಣ ಕಾಳು ಗಾಳಿ ಸಮೇತ ನುಂಗಿ ಆಮೇಲೆ ತಲೆಕೆಳಗಾಗಿ ತೇಲ್ತವೆ, ದುಂಡು ಮೈಯ ಗೋಲ್ಡ್‌ಫಿಶ್‌ಗೆ ಆ ರೋಗ ಹೆಚ್ಚು. ಪ್ರತಿ ಭಾನುವಾರ ನಾನೇ ಮೇಲೆ ಕೂತು ಈ ಡಬ್ಬಿ ತುಂಬ್ತೀನಿ. ಫುಡ್ ಡಬ್ಬ ನಮ್ಮ ಮನೇಲಿ ಇರುತ್ತೆ, ನಿಮ್ಮ ಮನೇಲಿ ಮಾತ್ರೆ ಡಬ್ಬಿ ಮಾತ್ರ. ನಾನಿಲ್ಲದ ದಿನ ಯಾರು ಬಂದ್ರೂ ಆ ವಾರದ ಗೂಡು ಬಿಟ್ಟು ಬೇರೆ ಏನೂ ಸಿಗಬಾರದು.

– ಎದುರು ಮನೆಯವರಿಗೆ ಏನು ಹೇಳಲಿ? ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ.

– ಬೇಡ ಅನ್ನಬೇಡಿ. ಅವರಿಗೆ ಹೆಚ್ಚಿನ ಕೆಲಸವೇ ಕೊಡಿ. ಊಟ ಹಾಕೋರು ಸಿಗ್ತಾರೆ ಆಂಟಿ, ನೋಡೋರೇ ಸಿಗಲ್ಲ. ದಿನಕ್ಕೊಂದು ಸಲ ಬಾಗಿಲು ತೆಗೆದು ನೋಡಬೇಕು. ಫಿಲ್ಟರ್ ಗುಳುಗುಳು ಅಂತಿದೆಯಾ? ತಲೆ ಎಣಿಸಿದ್ರೆ ನಾಲ್ಕಿವೆಯಾ? ಯಾವುದಾದ್ರೂ ಮೂಲೇಲಿ ರೆಕ್ಕೆ ಮುದುರಿ ನಿಂತಿದೆಯಾ? ನೀರು ಗೆರೆಗಿಂತ ಕೆಳಗಿಳಿದಿದೆಯಾ? ಒಂದು ಸತ್ತು ಹೋಗಿ ಯಾರೂ ನೋಡದೆ ಮೂರು ದಿನ ಕೊಳೆತ್ರೆ ಉಳಿದ ಮೂರೂ ಹೋಗ್ತವೆ. ಎರಡು ವಾರದ ಉಪವಾಸಕ್ಕಿಂತ ಆ ಮೂರು ದಿನ ಅಪಾಯ. ಎದುರು ಮನೆಯವರಿಗೆ ಕಣ್ಣು ಚುರುಕು. ಬೀದೀಲಿ ಯಾರ ಮನೆಗೆ ಯಾವ ಕಾರು ಬಂತು ಅಂತ ಅವರಿಗೇ ತಾನೇ ಮೊದಲು ಗೊತ್ತಾಗೋದು?

– ನಿನ್ನ ಬಾಯಿಗಿಷ್ಟು! ಆದ್ರೂ ನಿಜ. ಮಧ್ಯದಲ್ಲಿ ನೀನೂ ಊರಿಗೆ ಹೋಗ್ತೀಯಲ್ಲ?

– ಮೇ ತಿಂಗಳು ಪರೀಕ್ಷೆ, ವ್ಯಾಲ್ಯುಯೇಶನ್ ಮುಗಿದ ಮೇಲೆ ಒಂದು ಹತ್ತು ದಿನ. ಆ ಹತ್ತು ದಿನ ಮಾತ್ರೆ ಡಬ್ಬಿಯೂ ನನ್ನ ಹತ್ರಾನೇ. ಅವರು ಬಂದು ನೋಡಿ ಹೋಗ್ಲಿ, ಅಷ್ಟೇ. ನಾನು ಹೋಗೋ ಎರಡು ದಿನ ಮುಂಚೆ ಮೂರನೇ ಒಂದು ಪಾಲು ನೀರು ಬದಲಾಯಿಸ್ತೀನಿ.

– ನೀರು ಅಂದಾಗ ನೆನಪಾಯ್ತು. ನಮ್ಮೂರ ಕಾವೇರಿಯೇ ತಾನೇ ಇಲ್ಲಿ ನಲ್ಲೀಲಿ ಬರೋದು? ಅಲ್ಲಿ ಮೀನು ಅದರಲ್ಲೇ ಹುಟ್ಟಿ ಬೆಳೆಯುತ್ತೆ. ಇಲ್ಲಿ ಅದೇ ನೀರು ಹಾಕಿದ್ರೆ ಅಂಗಡಿಯವನು ಬೇಡ ಅಂತಾನೆ.

– ನದಿ ಅದೇ, ಆದ್ರೆ ತೊರೆಕಾಡನಹಳ್ಳೀಲಿ ಶುದ್ಧ ಮಾಡಿ ಕ್ಲೋರಿನ್ ಬೆರೆಸಿ ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಕಳಿಸ್ತಾರೆ. ನಮ್ಮ ಹೊಟ್ಟೇಲಿ ಕ್ರಿಮಿ ಆಗಬಾರದು ಅಂತ ಹಾಕೋ ಕ್ಲೋರಿನ್ನೇ ಮೀನಿನ ಕಿವಿರು ಸುಡುತ್ತೆ, ಸ್ಪಂಜಿನ ಬ್ಯಾಕ್ಟೀರಿಯಾನೂ ಕೊಲ್ಲುತ್ತೆ. ಬಕೆಟಲ್ಲಿ ತೆರೆದು ಒಂದು ದಿನ ಇಟ್ರೆ ಹಾರಿಹೋಗುತ್ತೆ. ಅವಸರವಿದ್ರೆ ಹೈಪೋ ಹರಳು, ಹಿಂದೆ ಫೋಟೋ ಸ್ಟುಡಿಯೋದೋರು ಪ್ರಿಂಟ್ ತೊಳೆಯೋಕೆ ಇಟ್ಕೊಳ್ತಿದ್ರಲ್ಲ, ಅದೇ. ಅಂಗಡೀಲಿ ಆಂಟಿಕ್ಲೋರಿನ್ ಅಂತ ಬಾಟಲೀಲಿ ಮಾರ್ತಾರೆ. ಅದಕ್ಕೇ ಹೇಳ್ತೀನಿ, ಹೊರಡೋ ಹಿಂದಿನ ದಿನ ಮನೆ ಕ್ಲೀನ್ ಮಾಡೋ ಉತ್ಸಾಹದಲ್ಲಿ ಫಿಲ್ಟರ್ ಸ್ಪಂಜನ್ನ ನಲ್ಲಿ ಕೆಳಗೆ ಹಿಂಡಿ ಬೆಳ್ಳಗೆ ಮಾಡಬೇಡಿ.

– ಅದನ್ನೇ ಮಾಡಬೇಕು ಅಂತಿದ್ದೆ. ಸೋಪು ಹಾಕಿ.

– ಸೋಪಾ! ಶಿವನೇ. ಆ ಸ್ಪಂಜು ಕೊಳಕಾಗಿರೋದೇ ಅದರ ಆರೋಗ್ಯ. ಟ್ಯಾಂಕಿನದೇ ನೀರು ಒಂದು ಬಕೆಟಿಗೆ ತೆಗೆದು ಅದರಲ್ಲಿ ಎರಡು ಸಲ ಅದ್ದಿ ಹಿಂಡಿದ್ರೆ ಸಾಕು, ಅದೂ ಹೊರಡೋಕೆ ಒಂದು ವಾರ ಮುಂಚೆ.

– ಕರೆಂಟ್ ಹೋದ್ರೆ? ಏಪ್ರಿಲ್, ಮೇ ಮಳೆಗಾಳಿಗೆ ನಮ್ಮ ಬೀದೀಲಿ ಕೊಂಬೆ ಬಿದ್ರೆ ಅರ್ಧ ದಿನ ಕರೆಂಟಿರಲ್ಲ. ಗಾಳಿ ಪಂಪು ನಿಂತು ಹೋಗುತ್ತಲ್ಲ.

– ಅಲ್ಲೂ ಉಪವಾಸವೇ ಕಾಪಾಡೋದು. ತಿಂದ ಮೇಲೆ ಜೀರ್ಣ ಮಾಡೋಕೆ ಮೀನಿಗೆ ಹೆಚ್ಚು ಆಮ್ಲಜನಕ ಬೇಕು. ಖಾಲಿ ಕರುಳಿನ ಮೀನು ಕಮ್ಮಿ ಉಸಿರಲ್ಲಿ ಇರುತ್ತೆ. ಬೇಸಿಗೇಲಿ ನೀರು ಬಿಸಿಯಾದಾಗ ಅದರಲ್ಲಿ ಕರಗಿರೋ ಆಮ್ಲಜನಕ ಇಳಿಯುತ್ತೆ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿರೋದರಿಂದ ಇಲ್ಲಿನ ಗಾಳಿ ಒತ್ತಡವೇ ಕಮ್ಮಿ, ಅದಕ್ಕೂ ಹತ್ತರಲ್ಲಿ ಒಂದು ಪಾಲು ಕಳೀಬೇಕು. ಟ್ಯಾಂಕನ್ನ ಆ ಕಿಟಕಿ ಬಿಸಿಲಿಂದ ಈಚೆ ಸರಿಸೋಣ, ಇವತ್ತೇ, ಅಂಕಲ್ ಬರ್ಲಿ. ಮೇಲಿನ ಮುಚ್ಚಳ ಒಂಚೂರು ಸಂದು ಬಿಟ್ಟಿರ್ಲಿ. ಕರೆಂಟ್ ಇಡೀ ದಿನ ಹೋದ್ರೆ ಫಿಲ್ಟರ್ ಹಾಗೇ ಆನ್ ಆಗಬಾರದು, ಒಳಗೆ ನಿಂತ ನೀರು ಕೊಳೆತಿರುತ್ತೆ, ಮೊದಲು ಅದನ್ನ ಹೊರಗೆ ಚೆಲ್ಲಬೇಕು. ಅದು ನನ್ನ ಕೆಲಸ. ಲೈಟ್ ಹೋದ್ರೆ ಮೇಲೆ ನನಗೂ ಗೊತ್ತಾಗುತ್ತಲ್ಲ.

– ಅಳಿಯ ಒಂದು ಕ್ಯಾಮೆರಾ ಹಾಕಿಸಿಕೊಡ್ತೀನಿ ಅಂದಿದ್ದಾನೆ. ಅಲ್ಲಿಂದಲೇ ಫೋನಲ್ಲಿ ಮೀನು ನೋಡಬಹುದಂತೆ.

– ಬೇಡ ಆಂಟಿ, ದಮ್ಮಯ್ಯ.

– ಯಾಕೇ?

– ಕ್ಯಾಮೆರಾ ಮುಂದೆ ಬೆಕ್ಕಿನ ನೆರಳು ಹಾದ್ರೂ ಇವು ಬಾಯಿ ಬಿಡ್ತವೆ. ನೀವು ಅಲ್ಲಿ ಬಾಣಂತಿಗೆ ಎಣ್ಣೆ ಒತ್ತಿ ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ನೋಡ್ತೀರಿ. ಇಲ್ಲಿ ರಾತ್ರಿ ಹತ್ತೂವರೆ. ಎದುರು ಮನೆಯವರಿಗೆ ಫೋನ್ ಹೋಗುತ್ತೆ. ಅವರು ಅಡುಗೆಮನೆಯಿಂದ ಒಂದು ಹಿಡಿ ಅನ್ನ ತಗೊಂಡು ಬರ್ತಾರೆ.

– ಅನ್ನ ಹಾಕಬಾರದಾ?

– ಆಂಟಿ!

– ಇಲ್ಲಪ್ಪ, ಸುಮ್ಮನೆ ಕೇಳಿದೆ. ವಾರಕ್ಕೊಂದು ಫೋಟೋ ಆದ್ರೂ ಕಳಿಸ್ತೀಯಾ?

– ಭಾನುವಾರ ಕಳಿಸ್ತೀನಿ. ನಾಲ್ಕು ಮೀನು, ಟ್ಯಾಂಕ್ ಕ್ಲೀನರ್, ನೀರಿನ ಗೆರೆ, ಎಲ್ಲ ಕಾಣೋ ಹಾಗೆ.

– ಅಷ್ಟು ಸಾಕು. ಮತ್ತೆ ನಾವು ವಾಪಸ್ ಬಂದ ದಿನ? ಅವತ್ತಾದ್ರೂ ನಾನೇ ಒಂದಿಷ್ಟು ಹಾಕಬಹುದಲ್ಲ? ಮೂರು ತಿಂಗಳು ಬಿಟ್ಟು ಬಂದಿರ್ತೀನಿ.

– ಅವತ್ತಿನ ಪಾಲು ನಾನು ಹಾಕಿಯೇ ಇರ್ತೀನಿ. ಮುಂದಿನ ಪಾಲು ನಿಮ್ಮ ಕೈಲಿ, ಇಪ್ಪತ್ತು ಕಾಳು, ಎಣಿಸಿ.

– ಬಂದ ರಾತ್ರಿ ನಿದ್ದೆ ಬರಲ್ಲ ಅಂತಾರೆ ಎಲ್ಲರೂ. ಎರಡು ಗಂಟೆಗೆ ಎದ್ದು ಕೂತಿರಬೇಕಂತೆ.

– ಗೊತ್ತು. ಎದ್ದು ಟ್ಯಾಂಕ್ ಮುಂದೆ ಕುರ್ಚಿ ಹಾಕ್ಕೊಂಡು ಕೂರ್ತೀರಿ, ನಾಲ್ಕೂ ಬಂದು ಬಾಯಿ ಬಿಡ್ತವೆ. ಅದಕ್ಕೇ ನೀವು ಬಂದು ಒಂದು ವಾರ ಆಗೋವರೆಗೆ ಡಬ್ಬ ಮೇಲೇ ಇರುತ್ತೆ. ಆ ಅಂಟಿನುಂಡೆ ಒಂದು ಕೊಡಿ, ತೂಕ ಕಮ್ಮಿಯಾಗುತ್ತೆ.